ಕೊನೇ ಬೆಂಚಿಗೆ ಕೇಳಬೇಕು

ಶಿವರುದ್ರಪ್ಪನವರ ಮನೆಯಲ್ಲಿ ಅಡುಗೆಮನೆಯ ಮಾತು ಪಡಸಾಲೆಗೆ ನೇರವಾಗಿ ಹೋಗುತ್ತಿರಲಿಲ್ಲ. ನಡುಮನೆಯಲ್ಲಿ ಅವರ ಹೆಂಡತಿ ಪಾರ್ವತಮ್ಮ ಮಣೆ ಹಾಕಿಕೊಂಡು ಕೂತಿರುತ್ತಿದ್ದರು. ಸೊಸೆ ಸರ್ವಮಂಗಳ ಬಾಗಿಲ ಮರೆಯಿಂದ, "ಅತ್ತೆ, ಮಾವನೋರಿಗೆ ಇನ್ನೊಂದು ಮುದ್ದೆ ಹಾಕಲಾ?" ಅನ್ನಬೇಕು. ಪಾರ್ವತಮ್ಮ ಪಡಸಾಲೆಯ ಕಡೆ ತಿರುಗಿ ಗಂಟಲೆತ್ತಿ, "ಇನ್ನೊಂದು ಮುದ್ದೆ ಬೇಕಾ ಅಂತಾಳೆ" ಅನ್ನಬೇಕು. "ಅರ್ಧ ಸಾಕು ಅನ್ನು" ಅಂತ ಶಿವರುದ್ರಪ್ಪ ಹೇಳಬೇಕು. ಅವರು ಹೇಳಿದ್ದು ಮೂರು ಮನೆಯಾಚೆಗೂ ಕೇಳುತ್ತಿತ್ತು. ಆದರೂ ಪಾರ್ವತಮ್ಮ ಈ ಕಡೆ ತಿರುಗಿ "ಅರ್ಧ ಸಾಕಂತೆ" ಅನ್ನುವವರೆಗೆ ಸರ್ವಮಂಗಳ ಮುದ್ದೆ ಮುರಿಯುವ ಹಾಗಿಲ್ಲ.

ಸೊಸೆಯಾದವಳು ಮಾವನ ಎದುರು ನಿಂತು ಮಾತಾಡಬಾರದು. ಪಾರ್ವತಮ್ಮನ ಅತ್ತೆಯ ಕಾಲದಿಂದಲೂ ಹಾಗೇ. ಮಗ ಪ್ರಭುಸ್ವಾಮಿ ಇದ್ದಾಗ ಸರಪಣಿ ಇನ್ನೂ ಉದ್ದವಿತ್ತು. ಸರ್ವಮಂಗಳ ಗಂಡನಿಗೆ ಹೇಳುತ್ತಿದ್ದಳು, ಅವನು ತಾಯಿಗೆ, ತಾಯಿ ತಂದೆಗೆ. "ನಮ್ಮ ಮನೇಲಿ ಒಂದು ಮಾತು ಪಡಸಾಲೆ ಸೇರೋ ಹೊತ್ತಿಗೆ ನಂಜನಗೂಡಿಗೆ ಹೋಗಿ ಬರಬಹುದು" ಅಂತ ಅವನು ನಗುತ್ತಿದ್ದ. ಕಾಮಾಲೆ ಬಂದು ಅವನು ಹೋದ ಮೇಲೆ ಆ ಮನೆಯಲ್ಲಿ ನಗುವುದಕ್ಕೆ ಯಾರೂ ಉಳಿಯಲಿಲ್ಲ. ಮಕ್ಕಳೂ ಆಗಿರಲಿಲ್ಲ. ಮೈಸೂರಿನ ವಿದ್ಯಾರಣ್ಯಪುರದ ಆ ವಠಾರದಲ್ಲಿ ಬೇರೆ ಮನೆಗಳಿಂದ ಜಗಳ, ಮಗುವಿನ ಅಳು, ಒಗ್ಗರಣೆಯ ಸದ್ದು ಎಲ್ಲ ಕೇಳುತ್ತಿತ್ತು. ಈ ಮನೆಯಿಂದ ಪಾರ್ವತಮ್ಮನ ಗಂಟಲು ಮತ್ತು ಶಿವರುದ್ರಪ್ಪನ ಗಂಟಲು, ಎರಡೇ.

ಸರ್ವಮಂಗಳನ ಅಣ್ಣ ಮರಿಸ್ವಾಮಿ ನಂಜನಗೂಡಿನಲ್ಲಿ ಬಟ್ಟೆ ಅಂಗಡಿ ಇಟ್ಟವನು. ವರ್ಷದ ತಿಥಿ ಮುಗಿದ ಕೂಡಲೆ ಬಂದ.

"ನಮ್ಮ ಮನೆಗೆ ಬಂದುಬಿಡಲಿ ಅತ್ತೆ. ಮಕ್ಕಳು ಮರಿ ಇದಾವೆ, ನನ್ನ ಹೆಂಡತಿಗೆ ಕೈಲಾಗಲ್ಲ. ಇವಳಿಗೂ ಹೊತ್ತು ಹೋಗುತ್ತೆ."

"ಬಿಟ್ಟಿ ಆಳು ಬೇಕಾಗಿದೆ ಅನ್ನು" ಅಂದರು ಪಾರ್ವತಮ್ಮ.

"ಛೆ, ಒಡಹುಟ್ಟಿದವಳನ್ನ ಯಾರಾದ್ರೂ ಆಳು ಅಂತಾರಾ? ಒಂದು ಹೊತ್ತು ಊಟ ಹಾಕೋದಕ್ಕೆ ನಾನು ಹಿಂದೆಗೆಯಲ್ಲ."

"ಒಂದೇ ಹೊತ್ತಾ?"

ಪಡಸಾಲೆಯಿಂದ ಶಿವರುದ್ರಪ್ಪ, "ಏನಂತೆ?" ಅಂದರು. ಪಾರ್ವತಮ್ಮ ಒಂದೊಂದಾಗಿ ಕೂಗಿ ಹೇಳಿದರು. ಶಿವರುದ್ರಪ್ಪ ಬಟ್ಟೆ ಗಿರಣಿಯಲ್ಲಿ ಮಗ್ಗದ ಖಾತೆಯ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಯೋಚನೆ ಮಾಡಿ ಒಂದೇ ಸಲ ಮಾತಾಡುವ ಸ್ವಭಾವ.

"ಹುಡುಗಿ ಮಹಾರಾಣಿ ಕಾಲೇಜಲ್ಲಿ ಬಿ.ಎ. ಮಾಡಿದಾಳೆ. ಒಂದು ವರ್ಷ ಬಿ.ಎಡ್. ಓದಲಿ. ಪಾಸಾದರೆ ಮೇಡಮ್ಮಾಗಿ ಅವಳ ಅನ್ನ ಅವಳು ತಿಂತಾಳೆ."

"ಪಾಸಾಗದೇ ಇದ್ರೆ?" ಅಂದ ಮರಿಸ್ವಾಮಿ. ಪಾರ್ವತಮ್ಮ ಅದನ್ನೂ ಕೂಗಿ ಹೇಳಿದರು.

"ಆಗ ಬಂದು ಕರಕೊಂಡು ಹೋಗು."

ಬಾಗಿಲ ಮರೆಯಲ್ಲಿ ನಿಂತಿದ್ದ ಸರ್ವಮಂಗಳನಿಗೆ ಎಲ್ಲ ಕೇಳಿತ್ತು. ಪಾರ್ವತಮ್ಮ ತಿರುಗಿ, "ಒಂದು ವರ್ಷ ಓದಬೇಕಂತೆ" ಅಂದಾಗ ಆಗಷ್ಟೇ ಕೇಳಿದವಳ ಹಾಗೆ "ಆಗಲಿ ಅತ್ತೆ" ಅಂದಳು.

*

ಟೀಚರ್ಸ್ ಕಾಲೇಜಿನಲ್ಲಿ ಓದುವುದಕ್ಕಿಂತ ಪಾಠ ಹೇಳುವುದೇ ಹೆಚ್ಚು. ಊರಿನ ಶಾಲೆಗಳಿಗೆ ಹೋಗಿ ತರಗತಿ ತೆಗೆದುಕೊಳ್ಳಬೇಕು. ಹಿಂದೆ ಕಾಲೇಜಿನ ಮೇಷ್ಟರೂ ಜೊತೆಯ ವಿದ್ಯಾರ್ಥಿಗಳೂ ಕೂತು ತಪ್ಪುಗಳನ್ನು ಬರೆದುಕೊಳ್ಳುತ್ತಾರೆ. ಅದಕ್ಕೆ ಕ್ರಿಟಿಸಿಸಂ ಪಾಠ ಅಂತ ಹೆಸರು. ಪಾಠ ಮುಗಿದ ಮೇಲೆ ಎಲ್ಲರೆದುರು ಆ ತಪ್ಪುಗಳನ್ನು ಓದುತ್ತಾರೆ.

ಸರ್ವಮಂಗಳನ ಸರದಿ ದಸರಾ ಕಳೆದ ಮೇಲೆ ಬಂತು. ಭೂಗೋಳ, ಕಾವೇರಿ ನದಿ. ನಕ್ಷೆ ಚೆನ್ನಾಗಿ ಬರೆದಿದ್ದಳು. ನೀಲಿ ಬಣ್ಣದಲ್ಲಿ ನದಿ, ಹಸಿರಲ್ಲಿ ಗದ್ದೆ. ಮೊದಲ ಬೆಂಚಿನ ಹುಡುಗಿಯರು ಕಣ್ಣರಳಿಸಿ ಕೇಳುತ್ತಿದ್ದರು. ಹಿಂದಿನ ಬೆಂಚಿನ ಹುಡುಗಿಯರು ಜಡೆ ಹೆಣೆದುಕೊಳ್ಳುತ್ತಿದ್ದರು.

ಕೊನೇ ಬೆಂಚಿನಲ್ಲಿ ರಾಮಯ್ಯ ಮೇಷ್ಟರು ಕೂತಿದ್ದರು. ವಯಸ್ಸಾದವರು. ಕಚ್ಚೆಪಂಚೆ, ಮುಚ್ಚುಗೋಟು, ತಲೆಗೆ ರುಮಾಲು. ರುಮಾಲು ಸುತ್ತಿದ ರೀತಿ ಥೇಟ್ ಶಿವರುದ್ರಪ್ಪನವರದೇ.

"ಏನಮ್ಮಾ, ಇಲ್ಲಿಗೆ ಕೇಳಿಸ್ತಾ ಇಲ್ಲ. ನದಿ ಹುಟ್ಟೋದು ಎಲ್ಲಿ ಅಂದ್ರಿ?"

ಸರ್ವಮಂಗಳ ತಲೆ ತಗ್ಗಿಸಿದಳು. ಸೆರಗು ಎಳೆದುಕೊಂಡಳು. ಮೊದಲ ಬೆಂಚಿನ ತುದಿಯಲ್ಲಿದ್ದ ಮಹದೇವಮ್ಮ ಅನ್ನುವ ಹುಡುಗಿಯ ಕಡೆ ತಿರುಗಿ, ಮೆಲ್ಲಗೆ, "ಬ್ರಹ್ಮಗಿರಿಯಲ್ಲಿ ಅಂತ ಹೇಳಮ್ಮ" ಅಂದಳು.

ಮಹದೇವಮ್ಮ ಎದ್ದು ನಿಂತು ಹಿಂದಕ್ಕೆ ತಿರುಗಿ, "ಬ್ರಹ್ಮಗಿರಿಯಲ್ಲಂತೆ ಸಾರ್" ಅಂತ ಕೂಗಿದಳು.

ಇಡೀ ಕೋಣೆ ನಕ್ಕಿತು. ಜೊತೆಯ ಗಂಡಸು ವಿದ್ಯಾರ್ಥಿಗಳು ಪುಸ್ತಕ ಅಡ್ಡ ಹಿಡಿದು ನಕ್ಕರು. ಸರ್ವಮಂಗಳನಿಗೆ ತಾನು ಏನು ಮಾಡಿದೆ ಅನ್ನುವುದು ಗೊತ್ತಾದದ್ದು ಆ ನಗು ಕೇಳಿದ ಮೇಲೆ.

ರಾಮಯ್ಯ ಮೇಷ್ಟರು ಮಾತ್ರ ನಗಲಿಲ್ಲ. ಎಲ್ಲರೂ ತಪ್ಪು ಓದಿ ಮುಗಿಸಿದ ಮೇಲೆ ಪಕ್ಕಕ್ಕೆ ಕರೆದು ಹೇಳಿದರು: "ಪಾಠ ಚೆನ್ನಾಗಿದೆಯಮ್ಮ. ಆದರೆ ಅದು ಮೊದಲನೇ ಬೆಂಚಿನವರ ಪಾಲಾಯ್ತು. ಮಾರ್ಚಿಯಲ್ಲಿ ಹೊರಗಿನ ಪರೀಕ್ಷಕರು ಬರ್ತಾರೆ. ಕೊನೇ ಬೆಂಚಿನಲ್ಲೇ ಕೂರ್ತಾರೆ. ಅಲ್ಲಿಗೆ ಕೇಳದಿದ್ರೆ ಬರವಣಿಗೆಯಲ್ಲಿ ನೀನು ಎಷ್ಟೇ ನಂಬರು ತೆಗಿ, ಡಿಗ್ರಿ ಇಲ್ಲ. ಮನೇಲಿ ಗಟ್ಟಿಯಾಗಿ ಓದಿ ಅಭ್ಯಾಸ ಮಾಡು."

"ಮನೇಲಾ ಸಾರ್?" ಅಂದಳು.

"ಮತ್ತೆ ಇನ್ನೆಲ್ಲಿ?"

ಆ ದಿನದಿಂದ ಕಾಲೇಜಿನಲ್ಲಿ ಅವಳಿಗೆ "ಅಂತೆ ಮೇಡಂ" ಅನ್ನುವ ಹೆಸರು ಬಿತ್ತು. ಮಧ್ಯಾಹ್ನ ಹೆಂಗಸರೆಲ್ಲ ವರಾಂಡದಲ್ಲಿ ಬುತ್ತಿ ಬಿಚ್ಚಿ ಹಂಚಿಕೊಂಡು ಉಣ್ಣುತ್ತಿದ್ದರೆ ಇವಳು ಹಿಂದಿನ ಹೊಂಗೆ ಮರದಡಿ ಒಬ್ಬಳೇ ಡಬ್ಬಿ ತೆಗೆಯುತ್ತಿದ್ದಳು. ಕರೆದರೆ ಹೋಗುತ್ತಿದ್ದಳೇನೋ. ಗಂಡ ಸತ್ತವಳು, ತಾನಾಗಿ ಹೋಗಿ ಕೂರುವುದು ಹೇಗೆ ಅಂತ ಇವಳಿಗೆ. ದುಃಖದಲ್ಲಿರುವವಳನ್ನು ಕರೆಯುವುದು ಹೇಗೆ ಅಂತ ಅವರಿಗೆ.

ಮನೆಯಲ್ಲಿ ಒಂದು ಸಂಜೆ ಒಲೆಯ ಮುಂದೆ ಕೂತು ಸ್ವಲ್ಪ ದನಿ ಏರಿಸಿ ಓದಿ ನೋಡಿದಳು.

"ಯಾರ ಹತ್ರ ಮಾತಾಡ್ತಾ ಇದೀಯೇ?" ಅಂತ ಪಾರ್ವತಮ್ಮ ಕೇಳಿದರು.

"ಯಾರ ಹತ್ರಾನೂ ಇಲ್ಲ ಅತ್ತೆ. ಪಾಠ."

"ಪಾಠಾನ ಕಣ್ಣಲ್ಲಿ ಓದ್ಕೊಬೇಕು. ಮಾವನೋರು ಕೂತಿದಾರೆ ಅಲ್ಲಿ."

ಸರ್ವಮಂಗಳ ಕಣ್ಣಲ್ಲಿ ಓದಿಕೊಂಡಳು.

*

ಚೀನಾ ಯುದ್ಧದ ಸುದ್ದಿ ಇನ್ನೂ ಬಿಸಿಯಾಗಿದ್ದ ದಿನಗಳು. ಬೀದಿಯ ಹೋಟೆಲಿನ ರೇಡಿಯೋ ಮುಂದೆ ಜನ ಮುತ್ತಿಕೊಳ್ಳುತ್ತಿದ್ದರು. ಶಿವರುದ್ರಪ್ಪನೂ ಹೋಗಿ ನಿಂತು, ಎಲ್ಲರೂ ತಲೆಯಾಡಿಸಿದಾಗ ತಲೆಯಾಡಿಸಿ, ಮನೆಗೆ ಬಂದು ಪಾರ್ವತಮ್ಮನನ್ನು "ಏನಂತೆ ಸುದ್ದಿ?" ಅಂತ ಕೇಳುತ್ತಿದ್ದರು. ಈಗ ತಾನೇ ಕೇಳಿಕೊಂಡು ಬಂದವರು ಮತ್ತೆ ಯಾಕೆ ಕೇಳುತ್ತಾರೆ ಅಂತ ಸರ್ವಮಂಗಳನಿಗೆ ಎಷ್ಟೋ ಸಲ ಅನಿಸಿತ್ತು. ದೊಡ್ಡವರ ವಿಷಯ ಅಂತ ಸುಮ್ಮನಿದ್ದಳು.

ಅಷ್ಟರಲ್ಲಿ ಅರಸೀಕೆರೆಯಿಂದ ಮಗಳು ಪ್ರೇಮಲೀಲಾ ಹೇಳಿ ಕಳಿಸಿದಳು. ಮೂರನೇ ಬಸುರಿ, ಕಾಲು ಊದಿಕೊಂಡಿದೆ, ಪ್ರಯಾಣ ಮಾಡಬೇಡ ಅಂದಿದ್ದಾರೆ ಡಾಕ್ಟರು, ಅವ್ವನೇ ಬಂದು ಬಾಣಂತನ ಮಾಡಬೇಕು. ಪಾರ್ವತಮ್ಮ ಟ್ರಂಕು ತೆಗೆದರು.

"ಬೆಳಿಗ್ಗೆ ಪೂಜೆಗೆ ಮುಂಚೆ ನೀರು ಕಾಯಿಸಿಡು. ಸಾರಿಗೆ ಖಾರ ಕಮ್ಮಿ. ಮಜ್ಜಿಗೆ ಹುಳಿ ಆಗಬಾರದು."

"ಹೂಂ ಅತ್ತೆ. ಮಾವನೋರಿಗೆ ಏನಾದ್ರೂ ಹೇಳೋದಿದ್ರೆ?"

"ಹೇಳೋದು ಏನಿರುತ್ತೆ? ಹೊತ್ತಿಗೆ ಸರಿಯಾಗಿ ತಟ್ಟೆ ಇಡು, ಬಂದು ಕೂರ್ತಾರೆ. ತೀರಾ ಬೇಕಾದ್ರೆ ಪಕ್ಕದ ಕೆಂಚಮ್ಮನ್ನ ಕರಿ." ಬಾಗಿಲು ದಾಟುವಾಗ ಮತ್ತೆ ನಿಂತರು. "ಅವರು ಒಂದು ಸಲಕ್ಕೆ ಓಗೊಡದಿದ್ರೆ ಸುಮ್ಮನಿದ್ದುಬಿಡು. ಶಿವಧ್ಯಾನದಲ್ಲಿರ್ತಾರೆ."

ಮೊದಲ ಕೆಲವು ದಿನ ಆ ಮನೆಯಲ್ಲಿ ಮಾತೇ ಇರಲಿಲ್ಲ. ಸರ್ವಮಂಗಳ ತಟ್ಟೆ ಇಟ್ಟು, ಬಳೆ ಇಲ್ಲದ ಕೈಯಲ್ಲಿ ಲೋಟ ಕುಟ್ಟಿ ಸದ್ದು ಮಾಡಿ ಒಳಗೆ ಹೋಗುತ್ತಿದ್ದಳು. ಶಿವರುದ್ರಪ್ಪ ಬೀದಿ ನೋಡುತ್ತಾ ಕೂತೇ ಇರುತ್ತಿದ್ದರು. ಮುದ್ದೆ ಆರಿ ಕಲ್ಲಾಗುತ್ತಿತ್ತು. ಗೋಡೆ ನೋಡಿಕೊಂಡು, "ಊಟಕ್ಕೆ ಹಾಕಿದೆ" ಅಂದರೂ ಅವರು ತಿರುಗುತ್ತಿರಲಿಲ್ಲ. ನಾನು ಗೋಡೆಗೆ ಮಾತಾಡಿದ್ದೂ ಅವರಿಗೆ ಸರಿಬರಲಿಲ್ಲ ಅಂದುಕೊಂಡು ಅವಳು ಅದನ್ನೂ ಬಿಟ್ಟಳು. ಎಷ್ಟೋ ಹೊತ್ತಾದ ಮೇಲೆ ಅವರು ತಿರುಗಿ ತಟ್ಟೆ ನೋಡಿ, ಬೆಚ್ಚಿದ ಹಾಗೆ ಆಗಿ, ಬೇಗ ಬೇಗ ಆರಿದ್ದನ್ನು ಉಣ್ಣುತ್ತಿದ್ದರು.

ಒಂದು ಮಧ್ಯಾಹ್ನ ಅಟ್ಟದಿಂದ ಹಿತ್ತಾಳೆ ಕೊಳಗ ಇಳಿಸುವಾಗ ಕೈ ಜಾರಿತು. ಅದು ನಡುಮನೆಯ ಕಲ್ಲಿನ ಮೇಲೆ ಬಿದ್ದು, ಉರುಳಿ, ಪಡಸಾಲೆಯ ಹೊಸ್ತಿಲಿಗೆ ಬಡಿಯಿತು. ಪಕ್ಕದ ಮನೆಯ ಕೆಂಚಮ್ಮ, "ಏನಾಯ್ತು ಮಂಗಳವ್ವಾ?" ಅಂತ ಗೋಡೆಯಾಚೆಯಿಂದ ಕೂಗಿದಳು. ಶಿವರುದ್ರಪ್ಪ ಹೊಸ್ತಿಲಿನ ಪಕ್ಕದಲ್ಲೇ ಬೆನ್ನು ಮಾಡಿ ಕೂತಿದ್ದವರು, ಬೀದಿಯಲ್ಲಿ ಹೋಗುತ್ತಿದ್ದ ಎತ್ತಿನ ಗಾಡಿ ನೋಡುತ್ತಲೇ ಇದ್ದರು.

ಸರ್ವಮಂಗಳ ಕೊಳಗ ಎತ್ತಿಕೊಂಡು ಅಲ್ಲೇ ನಿಂತಳು. ಅತ್ತೆ ಯಾವಾಗಲೂ ಯಾಕೆ ಗಂಟಲೆತ್ತಿ ಮಾತಾಡುತ್ತಾರೆ, ರೇಡಿಯೋ ಕೇಳಿ ಬಂದವರು ಯಾಕೆ ಸುದ್ದಿ ಕೇಳುತ್ತಾರೆ, ಎಲ್ಲ ಒಟ್ಟಿಗೆ ಅರ್ಥವಾಯಿತು. ಎಷ್ಟೋ ವರ್ಷ ಮಗ್ಗಗಳ ನಡುವೆ ನಿಂತ ಕಿವಿ. ಅದನ್ನು ಮುಚ್ಚಿಡುವುದಕ್ಕೆ ಅತ್ತೆ ನಡುಮನೆಯಲ್ಲಿ ಕೂತಿದ್ದರು.

ಹೊಸ್ತಿಲವರೆಗೆ ಹೋದಳು.

"ಮಾವಾ, ಊಟ!"

ಅವರು ತಿರುಗಿದರು. ಇಬ್ಬರೂ ಗಾಬರಿಯಾದರು. ಸೊಸೆ ಆ ಮನೆಗೆ ಬಂದಾಗಿನಿಂದ ಅವಳ ದನಿ ಅವರ ಕಿವಿಗೆ ಬಿದ್ದದ್ದು ಅದೇ ಮೊದಲು. ಶಿವರುದ್ರಪ್ಪ ನಡುಮನೆಯ ಕಡೆ ನೋಡಿ, "ಬರ್ತೀನಿ ಅನ್ನು" ಅಂದರು. ನಡುಮನೆಯಲ್ಲಿ ಮಣೆ ಮಾತ್ರ ಇತ್ತು.

"ಯಾರಿಗೆ ಹೇಳ್ತಾ ಇದೀನೋ ನಾನು" ಅಂತ ತಮಗೆ ತಾವೇ ಹೇಳಿಕೊಂಡು ಎದ್ದರು. ಆ ದಿನ ಮುದ್ದೆ ಬಿಸಿಯಾಗಿತ್ತು.

*

ಮೊದಮೊದಲು ಊಟ, ನೀರು, ಹಾಲಿನವನು ಬಂದ ಅನ್ನುವಷ್ಟು ಮಾತು. ಸರ್ವಮಂಗಳ ಮುಖ ಒಂದು ಕಡೆ ಮಾಡಿಕೊಂಡು ಕೂಗುತ್ತಿದ್ದಳು. ಅವರು ಪಂಚೆಯ ಅಂಚು ನೋಡಿಕೊಂಡು ಉತ್ತರ ಕೊಡುತ್ತಿದ್ದರು. ಆಮೇಲೊಂದು ಸಂಜೆ ಅವರೇ ಕೇಳಿದರು.

"ಕಾಲೇಜಲ್ಲಿ ಏನು ಹೇಳಿಕೊಡ್ತಾರವ್ವ?"

"ಪಾಠ ಹೇಳೋದು."

"ಆ?"

"ಪಾಠ ಹೇಳೋದು ಹೇಗೆ ಅಂತ!"

"ಬರ್ತಾ ಇದೆಯಾ ನಿನಗೆ?"

ಅವಳು ಎಲ್ಲ ಹೇಳಿದಳು, ಬ್ರಹ್ಮಗಿರಿಯಂತೆ, ಮಕ್ಕಳು ನಕ್ಕದ್ದು, ಕೊನೇ ಬೆಂಚಿಗೆ ಕೇಳದಿದ್ದರೆ ಡಿಗ್ರಿ ಇಲ್ಲ ಅಂದದ್ದು. ಕೂಗಿ ಕೂಗಿ ಹೇಳಬೇಕಾಗಿತ್ತು. ನಾಚಿಕೆಯ ವಿಷಯವನ್ನು ಕೂಗಿ ಹೇಳುವುದು ಎಷ್ಟು ಕಷ್ಟ! ಅರ್ಧ ಹೇಳುವ ಹೊತ್ತಿಗೆ ಅವಳಿಗೇ ನಗು ಬಂತು.

ಶಿವರುದ್ರಪ್ಪ ನಗಲಿಲ್ಲ. ಕೋಲು ಊರಿಕೊಂಡು ಎದ್ದು, ಬೀದಿ ಬಾಗಿಲ ಹತ್ತಿರ ಚಾಪೆ ಎಳೆದುಕೊಂಡು ಕೂತರು.

"ಇಲ್ಲಿಗೆ ಕೇಳಿದ್ರೆ ಮೈಸೂರಲ್ಲಿ ಯಾವ ಬೆಂಚಿಗಾದ್ರೂ ಕೇಳುತ್ತೆ. ಅಡುಗೆಮನೆ ಬಾಗಿಲಲ್ಲಿ ನಿಂತ್ಕೊ. ಹೇಳು ಪಾಠ."

ಮಾರ್ಚಿಯ ಪರೀಕ್ಷೆಗೆ ಅವಳು ಆರಿಸಿಕೊಂಡಿದ್ದದ್ದು ಹಿಮದ ನಾಡಿನ ಜನರ ಪಾಠ. ಕಾಲೇಜಿನಿಂದ ಬಂದು, ಒಲೆ ಹಚ್ಚಿ ಅವರೆಕಾಳು ಬೇಯಲು ಇಟ್ಟು, ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಡುವೆ ಖಾಲಿ ನಡುಮನೆ. ಆ ತುದಿಯಲ್ಲಿ ಮಾವ.

"ನಿಲ್ಲು. ಬಾಯಿ ಆಡ್ತು, ಮಾತು ಬರಲಿಲ್ಲ."

"ಆ ದೇಶದಲ್ಲಿ ಚಳಿಗಾಲದಲ್ಲಿ ಸೂರ್ಯ ಹುಟ್ಟೋದೇ ಇಲ್ಲ!"

"ಕಿರುಚಬೇಡ. ಕಿರುಚಿದ್ರೆ ಬರೀ ಸದ್ದು. ಮೊದಲಿಂದ ಹೇಳು."

ಹೇಳಿದಳು.

"ಹುಟ್ಟೋದೇ ಇಲ್ವಾ? ಮತ್ತೆ ಪೂಜೆ ಯಾವಾಗ ಮಾಡ್ತಾರೆ?"

"ಅವರಿಗೆ ನಮ್ಮ ಥರ ಪೂಜೆ ಇಲ್ಲ ಮಾವ."

"ಪಾಪ. ಮನೆ ಎಂಥದು?"

"ಹಿಮದ್ದು. ಹಿಮಾನ ಇಟ್ಟಿಗೆ ಥರ ಕೊಯ್ದು ಕಟ್ತಾರೆ."

ಶಿವರುದ್ರಪ್ಪ ತಲೆಯೆತ್ತಿ ತಮ್ಮ ಮನೆಯ ಸೂರು ನೋಡಿದರು. "ಒಳಗೆ ಒಲೆ ಹಚ್ಚಿದ್ರೆ ಸೂರು ಕರಗಲ್ವೇನೇ?"

ಅದು ಪುಸ್ತಕದಲ್ಲಿ ಇರಲಿಲ್ಲ. ಮಾರನೇ ದಿನ ಕಾಲೇಜಿನ ಲೈಬ್ರರಿಯಲ್ಲಿ ಹುಡುಕಿ, ಸಂಜೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಸ್ವಲ್ಪ ಕರಗುತ್ತಂತೆ ಮಾವ! ಹೊರಗಿನ ಚಳಿಗೆ ಮತ್ತೆ ಹೆಪ್ಪುಗಟ್ಟುತ್ತಂತೆ! ಅದರಿಂದ ಗೋಡೆ ಇನ್ನೂ ಭದ್ರ ಆಗುತ್ತಂತೆ!"

"ಅಂತೆ ಅನ್ನಬೇಡ. ಆಗುತ್ತೆ ಅನ್ನು. ಮೇಡಮ್ಮು ನೀನು."

ಹಾಗೆ ವಾರಗಳು ಹೋದವು. ಒಂದು ಸಂಜೆ ಪಾಠ ಮುಗಿದ ಮೇಲೆ ಅವರು ಚಾಪೆಯಿಂದ ಏಳಲಿಲ್ಲ.

"ಒಂದು ಕೇಳ್ತೀನಿ ಹೇಳ್ತೀಯಾ?"

"ಕೇಳಿ ಮಾವ."

"ಪ್ರಭು ಹೋಗೋ ದಿನ ನನ್ನ ಕಡೆ ನೋಡಿ ಏನೋ ಅಂದ. ತುಟಿ ಆಡಿದ್ದು ಕಂಡಿತು. ನಿಮ್ಮತ್ತೆ ನೋಡಿದೆ, ಅವಳು ಅಳ್ತಾ ಇದ್ದಳು, ಹೇಳಲಿಲ್ಲ. ಆಮೇಲೆ ಕೇಳೋಕೆ ಆಗಲಿಲ್ಲ. ನೀನು ಪಕ್ಕದಲ್ಲೇ ಇದ್ದೆ."

ಸರ್ವಮಂಗಳ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬಾಯಿ ತೆರೆದಳು, ಹೇಳಿದಳು.

"ಕೇಳಲಿಲ್ಲ" ಅಂದರು ಅವರು.

ಮತ್ತೆ ಹೇಳಿದಳು.

"ಇಲ್ಲ ಕಣವ್ವ."

ಸರ್ವಮಂಗಳ ನಡುಮನೆಗೆ ಬಂದು, ಕಣ್ಣೀರು ಒರೆಸಿಕೊಳ್ಳದೆ, ಕೊನೇ ಬೆಂಚಿಗೆ ಕೇಳುವ ಹಾಗೆ ಹೇಳಿದಳು: "ಅಪ್ಪಾಜಿದು ಊಟ ಆಯ್ತಾ ಅಂತ ಕೇಳಿದ್ರು!"

ವಠಾರಕ್ಕೆಲ್ಲ ಕೇಳಿರಬೇಕು. ಶಿವರುದ್ರಪ್ಪ ಕೋಲಿನ ಮೇಲೆ ಗಲ್ಲ ಇಟ್ಟುಕೊಂಡು ಕೂತರು.

"ಆಗಿರಲಿಲ್ಲ" ಅಂದರು ಆಮೇಲೆ.

ಅಡುಗೆಮನೆಯಲ್ಲಿ ಅವರೆಕಾಳು ತಳ ಹಿಡಿದ ವಾಸನೆ ಬಂತು. ಆ ರಾತ್ರಿ ಇಬ್ಬರೂ ಮಜ್ಜಿಗೆ ಅನ್ನ ಉಂಡರು.

*

ಪಾರ್ವತಮ್ಮ ಶಿವರಾತ್ರಿ ಮುಗಿಸಿಕೊಂಡು ಬಂದರು. ಗಾಡಿಯಿಂದ ಇಳಿದು, ಬಾಗಿಲಿಗೆ ಬಂದ ಸೊಸೆಗೆ ಮಗು ಗಂಡು ಅಂತ ಹೇಳಿ, ಟ್ರಂಕು ಒಳಗಿಡುವ ಮೊದಲೇ ನಲ್ಲಿಯ ಹತ್ತಿರ ಕೆಂಚಮ್ಮ ಸಿಕ್ಕಳು.

"ಬಂದ್ಬುಟ್ರಾ ಪಾರ್ವತವ್ವಾ? ಒಳ್ಳೇದಾಯ್ತು ಬುಡಿ. ನಿಮ್ ಸೊಸೆ ಅದೆಂಗೆ ಕೂಗಾಡ್ತಾಳವ್ವ ಮಾವನ್ ಮ್ಯಾಲೆ! ದಿನಾ ಸಂಜೆ ಆಯ್ತು ಅಂದ್ರೆ ಸುರು. ಒಂದಿನ ಊಟದ ಇಸ್ಯಕ್ಕೂ ಕೂಗ್ತಿದ್ಲು, ಅತ್ಕೊಂಡು. ಪಾಪ, ಆ ದೊಡ್ಡೋರು ಒಂದ್ ಮಾತೂ ಆಡ್ನಿಲ್ಲ."

ಪಾರ್ವತಮ್ಮ ಟ್ರಂಕು ಅಲ್ಲೇ ಬಿಟ್ಟು ಒಳಗೆ ಬಂದರು. ಆಗಲೇ ಸರ್ವಮಂಗಳ ಹೊಸ್ತಿಲಲ್ಲಿ ನಿಂತು, "ಮಾವಾ, ಅತ್ತೆ ಬಂದ್ರು! ಮಗು ಗಂಡಂತೆ!" ಅಂತ ಹೇಳುತ್ತಿದ್ದಳು. ಶಿವರುದ್ರಪ್ಪ, "ಹೌದಾ, ಯಾರ ಹಾಗಿದೆಯಂತೆ?" ಅಂತ ಅವಳನ್ನೇ ನೋಡಿ ಕೇಳುತ್ತಿದ್ದರು.

ಪಾರ್ವತಮ್ಮ ನಡುಮನೆಯಲ್ಲಿ ನಿಂತರು. ಅವರ ಮಣೆ ಗೋಡೆಗೆ ಒರಗಿತ್ತು.

"ಏನಿದು?"

"ಅತ್ತೆ, ಮಾವನೋರಿಗೆ..."

"ಗೊತ್ತು ನನಗೆ ಅವರಿಗೆ ಏನು ಅಂತ! ನೀನು ಹೇಳಬೇಕಾ? ಮಿಲ್ಲಿನಲ್ಲಿ ಗೊತ್ತಾಗಲಿಲ್ಲ. ಬೀಗರಿಗೆ ಗೊತ್ತಾಗಲಿಲ್ಲ. ಹೆತ್ತ ಮಗನಿಗೂ ಗೊತ್ತಾಗದ ಹಾಗೆ ನೋಡ್ಕೊಂಡಿದ್ದೆ. ಈಗ ವಠಾರಾನೇ ನಿಂತು ಕೇಳ್ತಾ ಇದೆ, ಸೊಸೆ ಮಾವನ ಮೇಲೆ ಕೂಗಾಡ್ತಾಳೆ ಅಂತ!"

"ಕೂಗಾಡಲಿಲ್ಲ ಅತ್ತೆ. ಪಾಠ."

"ಏನಂತಾಳೆ?" ಅಂದರು ಶಿವರುದ್ರಪ್ಪ.

"ನೋಡಿ, ಈಗ ನನ್ನ ಯಾಕೆ ಕೇಳ್ತೀರಿ? ಅವಳನ್ನೇ ಕೇಳಿ. ಅವಳೇ ಇದಾಳಲ್ಲ!"

"ನಾನೇ ಹೇಳು ಅಂದೆ ಕಣೇ. ಹುಡುಗಿಗೆ ಪರೀಕ್ಷೆ ಇದೆ."

"ಪರೀಕ್ಷೆ ಇದ್ರೆ ಬೆಟ್ಟದ ಮೇಲೆ ಹೋಗಿ ಕೂಗಲಿ. ನಾನು ಬದುಕಿರೋವರೆಗೆ ಈ ಮನೇಲಿ ಮಾತು ನನ್ನ ಮುಖಾಂತರ. ಇಲ್ಲಾಂದ್ರೆ ಹೇಳಿಬಿಡಿ, ಅರಸೀಕೆರೆಗೆ ವಾಪಸ್ಸು ಹೋಗ್ತೀನಿ. ಅಲ್ಲಿ ಒಂದು ಮಗುವಾದ್ರೂ ನಾನು ಕಾಣದಿದ್ರೆ ಅಳುತ್ತೆ."

ಶಿವರುದ್ರಪ್ಪ ತಡೆದು ಹೇಳಿದರು: "ಪ್ರಭು ಏನಂದ ಅಂತ ನೀನು ಹೇಳಲಿಲ್ಲ. ಅವಳು ಹೇಳಿದಳು."

ಪಾರ್ವತಮ್ಮ ಗೋಡೆಯ ಕಡೆ ತಿರುಗಿದರು. ಮಣೆಯನ್ನು ಬೀಳಿಸಿ, ಅದರ ಮೇಲೆ ಕೂತರು.

"ನನ್ನ ಕೈಲಿ ಆಗಲಿಲ್ಲ" ಅಂದರು. ಅದನ್ನು ಮೆಲ್ಲಗೆ ಅಂದದ್ದರಿಂದ ಶಿವರುದ್ರಪ್ಪನಿಗೆ ಕೇಳಲಿಲ್ಲ.

ಮಾರನೇ ದಿನದಿಂದ ಮೊದಲಿನ ಹಾಗೇ ಆಯಿತು. "ಮುದ್ದೆ ಬೇಕಾ ಅಂತಾಳೆ." "ಸಾಕು ಅನ್ನು." "ಸಾಕಂತೆ." ಮಧ್ಯೆ ಒಬ್ಬರು ಇದ್ದರೂ ಮೊದಲಿಗಿಂತ ಈಗ ಮನೆ ಖಾಲಿ. ಶಿವರುದ್ರಪ್ಪ ಚಾಪೆಯನ್ನು ಬೀದಿ ಬಾಗಿಲಿನಿಂದ ತೆಗೆದು ಮೊದಲಿನ ಜಾಗಕ್ಕೆ ಹಾಕಿಕೊಂಡರು. ಸರ್ವಮಂಗಳ ಕಣ್ಣಲ್ಲಿ ಓದಿಕೊಂಡಳು. ಪಾರ್ವತಮ್ಮ ಇಬ್ಬರ ನಡುವೆ ಕೂತು, ಇಬ್ಬರೂ ತಮಗೆ ಹೇಳದ ಏನೋ ಒಂದು ತಲೆಯ ಮೇಲೆ ಹಾದುಹೋಗುತ್ತಿದೆ ಅನ್ನುವ ಹಾಗೆ ಆ ಕಡೆ ಈ ಕಡೆ ನೋಡುತ್ತಿದ್ದರು.

ಅಷ್ಟರಲ್ಲಿ ಮರಿಸ್ವಾಮಿಯೂ ಒಂದು ಸಲ ಬಂದು ಹೋದ. "ಪರೀಕ್ಷೆ ಮುಗೀಲಿ. ಒಂದು ಕೋಣೆ ಖಾಲಿ ಮಾಡಿಸಿದೀನಿ, ಬೇಳೆ ಮೂಟೆ ಇತ್ತಲ್ಲ ಅಲ್ಲಿ" ಅಂದ.

ಪರೀಕ್ಷೆಯ ಬೆಳಿಗ್ಗೆ ಸರ್ವಮಂಗಳ ನಕ್ಷೆ ಸುತ್ತಿಕೊಂಡು ಹೊರಟಾಗ ಶಿವರುದ್ರಪ್ಪ ಪೂಜೆ ಮುಗಿಸಿ ಹಣೆಯ ವಿಭೂತಿ ಇನ್ನೂ ಒದ್ದೆಯಾಗಿರುವಾಗಲೇ ಹೆಂಡತಿಯನ್ನು ಕರೆದರು.

"ಲೇ, ಅವಳಿಗೆ ಹೇಳು. ಕೊನೇ ಬೆಂಚಲ್ಲಿ ಕೂತಿರೋನು ನಾನು ಅಂದ್ಕೊಂಡು ಹೇಳು ಅಂತ ಹೇಳು."

ಎದುರು ಸಾಲಿನ ಮನೆಯವರೂ ತಿರುಗಿ ನೋಡಿದರು. ಪಾರ್ವತಮ್ಮ ಸೊಸೆಯ ಕಡೆ ತಿರುಗಿ, "ಹುಷಾರಾಗಿ ಹೋಗಿ ಬಾ ಅಂತಾರೆ" ಅಂದರು.

"ಹೂಂ ಅತ್ತೆ" ಅಂದಳು ಸರ್ವಮಂಗಳ.

*

ಪರೀಕ್ಷೆಯ ಪಾಠ ಅದೇ ಶಾಲೆಯ ಅದೇ ತರಗತಿಗೆ. ಹೊರಗಿನ ಪರೀಕ್ಷಕರು ಬೆಂಗಳೂರಿನವರು. ರುಮಾಲಿರಲಿಲ್ಲ, ಬೋಳುತಲೆ. ಕೊನೇ ಬೆಂಚಿನ ತುದಿಯಲ್ಲಿ ಕಿಟಕಿಗೆ ಒರಗಿ ಕೂತರು. ಪಕ್ಕದಲ್ಲಿ ರಾಮಯ್ಯ ಮೇಷ್ಟರು.

ಸರ್ವಮಂಗಳ ನಕ್ಷೆ ತೂಗುಹಾಕಿದಳು. "ಮಕ್ಕಳೇ" ಅಂದಳು. ಎರಡು ವಾರ ಬಳಸದ ದನಿ ಗಂಟಲಲ್ಲೇ ಉಳಿಯಿತು. ಹಿಂದಿನ ಹುಡುಗಿಯೊಬ್ಬಳು ಆಗಲೇ ಜಡೆಗೆ ಕೈ ಹಾಕಿದಳು.

ಮೊದಲ ಬೆಂಚಿನ ಮಹದೇವಮ್ಮನಿಗೆ ಮೇಡಂ ಮೇಲೆ ಕನಿಕರ. ಹಿಂದಿನ ಸಲ ತಾನು ಕೆಲಸ ಸರಿಯಾಗಿ ಮಾಡಿದೆನಲ್ಲ ಅಂತ ನೆನಪಿತ್ತೇನೋ. ಮೆಲ್ಲಗೆ ಎದ್ದು, ಹಿಂದಕ್ಕೆ ತಿರುಗಿ, ಮೇಡಂ ಹೇಳಿದ್ದನ್ನು ಕೂಗಿ ಹೇಳಲು ಸಿದ್ಧವಾಗಿ ನಿಂತಳು.

ಸರ್ವಮಂಗಳ ಅವಳನ್ನು ನೋಡಿದಳು. ಆಮೇಲೆ ಆ ತುದಿಯ ಕಿಟಕಿಯ ಕಡೆ ನೋಡಿದಳು.

"ನೀನು ಕೂತ್ಕೊ ಮಹದೇವಿ. ನಾನೇ ಹೇಳ್ತೀನಿ."

ಅದು ಕೊನೇ ಬೆಂಚಿಗೆ ಕೇಳಿತು. ಜಡೆಯ ಹುಡುಗಿ ಕೈ ಇಳಿಸಿದಳು.

ಪಾಠ ಅಲ್ಲಿಂದ ನಿಲ್ಲಲಿಲ್ಲ. ಸೂರ್ಯ ಹುಟ್ಟದ ದಿನಗಳು, ನಾಯಿ ಎಳೆಯುವ ಗಾಡಿ, ಹಿಮದ ಇಟ್ಟಿಗೆಯ ಮನೆ. ಕೊನೇ ಬೆಂಚಿನಿಂದಲೇ ಒಬ್ಬಳು ಕೈಯೆತ್ತಿ, "ಒಳಗೆ ಬೆಂಕಿ ಹಾಕಿದ್ರೆ ಮನೆ ಕರಗಲ್ವಾ ಮೇಡಂ?" ಅಂತ ಕೇಳಿದಳು. ಸರ್ವಮಂಗಳ ತಡವರಿಸದೆ ಉತ್ತರ ಹೇಳಿದಳು. ಅಂತೆ ಅನ್ನಲಿಲ್ಲ.

ಪರೀಕ್ಷಕರು ಕನ್ನಡಕ ತೆಗೆದರು. "ಈ ಪ್ರಶ್ನೆ ಬರುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತೇನಮ್ಮ?"

"ಗೊತ್ತಿತ್ತು ಸಾರ್" ಅಂದಳು, ಅವರನ್ನೇ ನೋಡಿ. "ಮನೇಲಿ ಕೇಳಿದ್ರು."

"ಯಾರು, ಮಕ್ಕಳಾ?"

"ಇಲ್ಲ ಸಾರ್. ನಮ್ಮ ಮಾವನೋರು."

ರಾಮಯ್ಯ ಮೇಷ್ಟರು ಕಿಟಕಿಯ ಹೊರಗೆ ನೋಡುತ್ತಾ ರುಮಾಲು ಸರಿಮಾಡಿಕೊಂಡರು.

*

ಫಲಿತಾಂಶದ ದಿನ ಸರ್ವಮಂಗಳ ಕ್ರಾಫರ್ಡ್ ಹಾಲಿನವರೆಗೂ ನಡೆದು ಹೋಗಿ ಬೋರ್ಡು ನೋಡಿಕೊಂಡು ಬಂದಳು. ಸುತ್ತ ಕುಣಿಯುವವರು ಕುಣಿಯುತ್ತಿದ್ದರು. ಒಬ್ಬರಿಗೊಬ್ಬರು ಸಿಹಿ ತಿನ್ನಿಸುತ್ತಿದ್ದರು. ಇವಳಿಗೆ ಹೇಳಿಕೊಳ್ಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಬಿಸಿಲಿನಲ್ಲಿ ಅಗ್ರಹಾರ ದಾಟಿ ಬರುವಾಗ ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡೇ ಬಂದಳು. ಮರಿಸ್ವಾಮಿಯ ಬೇಳೆ ಕೋಣೆಗೆ ಇನ್ನು ಹೋಗಬೇಕಾಗಿಲ್ಲ. ಕೆಲಸ ಯಾವ ಊರಿಗೆ ಹಾಕುತ್ತಾರೋ, 'ಊಟ ಆಯ್ತಾ' ಅಂತ ಕೇಳುವವರು ಅಲ್ಲಿ ಯಾರಿರುತ್ತಾರೋ ಅದು ಬೇರೆ ಮಾತು.

ಮನೆಗೆ ಬಂದು ಹಿತ್ತಿಲ ಕಡೆಯಿಂದ ಒಳಗೆ ಹೋಗಿ, ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಳು. ಪಾರ್ವತಮ್ಮ ಮಣೆಯ ಮೇಲೆ ಕೂತು ರಾಗಿ ಕೇರುತ್ತಿದ್ದರು. ಸೊಸೆಯ ಕಾಲು ನೋಡಿದರು. ದೂಳು ಮೆತ್ತಿತ್ತು.

ಪಡಸಾಲೆಯಿಂದ ಶಿವರುದ್ರಪ್ಪ, "ಬಂದಳೇನೇ?" ಅಂದರು.

"ಬಂದಳು."

"ಏನಾಯ್ತು ಕೇಳು."

ಪಾರ್ವತಮ್ಮ ಮೊರ ಕೆಳಗಿಟ್ಟು ಬಾಗಿಲ ಕಡೆ ತಿರುಗಿದರು. ಸರ್ವಮಂಗಳ ಮೆಲ್ಲಗೆ, "ಪಾಸಾಯ್ತು ಅತ್ತೆ. ಸೆಕೆಂಡ್ ಕ್ಲಾಸು" ಅಂದಳು.

ಪಾರ್ವತಮ್ಮ ಪಡಸಾಲೆಯ ಕಡೆ ತಿರುಗಿದರು. ಗಂಡ ಕೋಲು ಊರಿಕೊಂಡು, ಅರ್ಧ ಎದ್ದು, ಅವರ ಬಾಯಿಯನ್ನೇ ನೋಡುತ್ತಿದ್ದರು. ಪ್ರಭು ಹೋದ ದಿನ ಹೀಗೇ ನೋಡಿದ್ದರು. ಪಾರ್ವತಮ್ಮ ಬಾಯಿ ತೆರೆದರು. ಮುಚ್ಚಿದರು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದರು.

"ನೀನೇ ಹೇಳು" ಅಂದರು ಸೊಸೆಗೆ. "ನನಗೆ ನೀರು ತರೋದಿದೆ."

ಮೂಲೆಯಲ್ಲಿದ್ದ ಕೊಡ ಎತ್ತಿಕೊಂಡರು. ಹೊಸ್ತಿಲು ದಾಟುವ ಮೊದಲು ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿದರು.

ನಲ್ಲಿಯ ಹತ್ತಿರ ಕೆಂಚಮ್ಮ ಪಾತ್ರೆ ಉಜ್ಜುತ್ತಿದ್ದಳು.

"ಇದೇನ್ ಪಾರ್ವತವ್ವಾ ಈಗ್ಲೇ ಬಂದ್ಬುಟ್ರಿ? ನೀರ್ ಬರಾಕೆ ಇನ್ನೂ ಒತ್ತಿದೆ."

"ಇರಲಿ ಬುಡು."

ಒಳಗಿನಿಂದ ಸರ್ವಮಂಗಳನ ದನಿ ಕೇಳಿತು. ಒಂದಕ್ಷರವೂ ಬಿಡದೆ ವಠಾರದ ಕೊನೆಯವರೆಗೂ ಬಂತು. ಅದರ ಹಿಂದೆಯೇ ಶಿವರುದ್ರಪ್ಪನ ಗಂಟಲು, ಆಮೇಲೆ ಅವರ ನಗು. ಆ ನಗು ಕೇಳಿ ಪಾರ್ವತಮ್ಮನಿಗೆ ಎಷ್ಟು ಕಾಲವಾಗಿತ್ತೋ.

"ನೋಡಿ, ಮತ್ತೆ ಸುರು ಅಚ್ಕೊಂಡ್ಲು" ಅಂದಳು ಕೆಂಚಮ್ಮ.

"ಪಾಠ ಕಣೇ ಅದು" ಅಂದರು ಪಾರ್ವತಮ್ಮ. "ಹಂಗೇ ಹೇಳಬೇಕು."

ಕೊಡವನ್ನು ನಲ್ಲಿಯ ಕೆಳಗಿಟ್ಟು, ನೀರು ಬರುವವರೆಗೂ ಅಲ್ಲೇ ನಿಂತಿದ್ದರು.